ಆಷಾಢವೆಂದು ಹೊರಟ ಪ್ರವಾಸ

ಜೂನ್ ಇಪ್ಪತ್ತೆಂಟರ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಇಟಲಿಯ ಜಿನೋವಾ ನಗರದ ಹಳೆಯ ಬಂದರಿನಲ್ಲಿ, ಒಂದು ಬೆಂಚಿನ ಮೇಲೆ ಕುಳಿತಿದ್ದೆ. ಶಿವಮೊಗ್ಗದಲ್ಲಿ ಆಗ ಹನ್ನೊಂದು ಗಂಟೆ. ಸವಳಂಗ ರಸ್ತೆಯ ಕಲ್ಯಾಣ ಮಂಟಪದಲ್ಲಿ ನನ್ನ ಗೆಳತಿ ರಕ್ಷಾಳ ಮುಹೂರ್ತಕ್ಕೆ ಇನ್ನು ಹದಿನೈದು ನಿಮಿಷ ಉಳಿದಿತ್ತು.

ಈ ಪ್ರವಾಸ ನಮ್ಮಿಬ್ಬರದಾಗಬೇಕಿತ್ತು. ಭದ್ರಾವತಿಯಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಐದು ವರ್ಷ ನಾನು ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಅವಳಿಗಾಗಿ ಜಾಗ ಹಿಡಿದಿರುತ್ತಿದ್ದೆ. ಮಲವಗೊಪ್ಪದಲ್ಲಿ ಹತ್ತಿದವಳು ಬ್ಯಾಗನ್ನು ನನ್ನ ತೊಡೆಗೆ ಎಸೆದು ಕೂರುತ್ತಿದ್ದಳು. ಆ ಸೀಟಿಗಾಗಿ ನಾನು ತಿಂದ ಬೈಗುಳಕ್ಕೆ ಮಿತಿಯಿಲ್ಲ. ದೂರದ ಕಡಲತಡಿಯ ಪುರಾತನ ಊರೊಂದನ್ನು ನೋಡಬೇಕೆಂದು ನಾವು ನಿಶ್ಚಯಿಸಿದ್ದೂ ಅದೇ ಬಸ್ಸಿನಲ್ಲಿ.

ದಿನಾಂಕ ಆರಿಸಿದವಳು ನಾನು. ಆಷಾಢದಲ್ಲಿ ಹೊರಟರೆ ಯಾರ ಮದುವೆಯೂ ಅಡ್ಡ ಬಾರದೆಂಬುದು ನನ್ನ ತರ್ಕ. ಕಳೆದ ನವೆಂಬರಿನಲ್ಲಿ, ಗೋಡೆಯ ಮೇಲಿದ್ದ ಆ ವರ್ಷದ ಕ್ಯಾಲೆಂಡರ್ ನೋಡಿ, ಜೂನ್ ಕೊನೆಗೆ ಆಷಾಢವೆಂದು ಗುರುತಿಸಿ ಟಿಕೆಟ್ ಕಾಯ್ದಿರಿಸಿದೆ. ಈ ವರ್ಷ ಅಧಿಕ ಜ್ಯೇಷ್ಠ ಬರುವುದೂ ಅದರಿಂದ ಆಷಾಢ ಹತ್ತೊಂಬತ್ತು ದಿನ ತಡವಾಗುವುದೂ ನನಗೆ ಹೊಳೆಯಲಿಲ್ಲ. ಮಾರ್ಚಿನಲ್ಲಿ ರಕ್ಷಾಳಿಗೆ ಗಂಡು ನಿಶ್ಚಯವಾಯಿತು. ಆಷಾಢಕ್ಕೆ ಮುನ್ನವೇ ಮುಗಿಸಬೇಕೆಂದು ಹಿರಿಯರು ಗೊತ್ತುಮಾಡಿದ ದಿನ, ನಮ್ಮ ಪ್ರವಾಸದ ಎರಡನೆಯ ದಿನವಾಗಿತ್ತು.

“ಎಂಎಸ್ಸಿ ಗೋಲ್ಡ್ ಮೆಡಲ್ಲು, ಪಂಚಾಂಗ ನೋಡೋಕೆ ಬರಲ್ವಲ್ಲ ಮಾರಾಯ್ತಿ!” ಎಂದು ರಕ್ಷಾ ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, “ಕ್ಯಾನ್ಸಲ್ ಮಾಡ್ತೀಯ ಅಲ್ವಾ?” ಎಂದು ಕೇಳಿದಳು.

ರಜೆ ಮಂಜೂರಾಗಿದೆ, ಟಿಕೆಟ್ ಬದಲಿಸಲಾಗದು ಎಂದು ಕಾರಣಗಳನ್ನು ಒಂದೊಂದಾಗಿ ವಿವರಿಸಿದೆ. ನಿಜ ಹೇಳಬೇಕೆಂದರೆ, ಎಣಿಕೆ ತಪ್ಪಿದ್ದು ನಾನೆಂದು ಒಪ್ಪುವುದಕ್ಕಿಂತ ವಿಮಾನ ಹತ್ತುವುದು ಸುಲಭವಾಗಿತ್ತು.

“ಹೋಗು. ನಿಂಗೆ ಟೈಂಟೇಬಲ್ಲೇ ಗಂಡ,” ಎಂದವಳು ಮತ್ತೆ ಫೋನ್ ಮಾಡಲಿಲ್ಲ.

ಹಿಂದಿನ ದಿನ ಇಲ್ಲಿನ ಓಣಿಗಳಲ್ಲಿ ಅಲೆದಿದ್ದೆ. ಕೆಲವು ಎಷ್ಟು ಕಿರಿದೆಂದರೆ, ಇಬ್ಬರು ಜೊತೆಯಾಗಿ ನಡೆಯಲಾಗದು. ಅದೊಂದು ಸಮಾಧಾನವೆನಿಸಿತ್ತು.

ಏಳು ನಲವತ್ತಕ್ಕೆ ರಕ್ಷಾಳ ತಾಯಿ ತುಂಗಮ್ಮ ವಿಡಿಯೋ ಕರೆ ಮಾಡಿದರು. “ತನುಜಾ, ತಿಂಡಿ ಆಯ್ತೇನೇ? ಅಲ್ಲಿ ಎಂಥ ತಿಂತೀಯೋ ಏನೋ. ತಾಳು, ತೋರಿಸ್ತೀನಿ.”

ಪರದೆಯಲ್ಲಿ ಸೀರೆಯಂಚುಗಳು, ಯಾರದೋ ಮೊಣಕೈ. ಗಟ್ಟಿಮೇಳ ಮೊಳಗಿತು. ಅಕ್ಷತೆಯ ಒಂದೆರಡು ಕಾಳು ಫೋನಿಗೂ ಬಡಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತುಂಗಮ್ಮ ಜನರ ನಡುವೆ ನುಗ್ಗಿ, “ರಕ್ಷಾ, ಇಲ್ನೋಡೇ!” ಎಂದು ಫೋನನ್ನು ಮಗಳ ಮುಖಕ್ಕೆ ಹಿಡಿದರು.

ರಕ್ಷಾ ತಲೆಯೆತ್ತಿದಳು. ಬಾಸಿಂಗದ ಕೆಳಗೆ ಅವಳ ಕಣ್ಣು ನನ್ನನ್ನು ದಾಟಿ, ನನ್ನ ಪಕ್ಕದಲ್ಲಿ ನಿಂತಿತು. ಬೆಂಚಿನ ಮೇಲೆ, ಖಾಲಿ ಜಾಗದಲ್ಲಿ, ನಾನು ಬ್ಯಾಗ್ ಇಟ್ಟಿದ್ದೆ. ಇಟ್ಟಿದ್ದು ನನಗೇ ತಿಳಿದಿರಲಿಲ್ಲ.

“ಆ ಬ್ಯಾಗ್ ತೆಗಿಯೇ,” ಎಂದಳು. “ಯಾರಾದ್ರೂ ಕೂತ್ಕೊಳ್ಲಿ.”

ನಾನು ತಪ್ಪೊಪ್ಪಿಕೊಳ್ಳುವಷ್ಟರಲ್ಲಿ ಯಾರೋ ಅವಳನ್ನು ಕರೆದರು. ಕರೆ ಕಡಿದುಹೋಯಿತು. ಆ ಮಾತಿನಲ್ಲಿದ್ದುದು ಸಿಟ್ಟೋ ಸಲಿಗೆಯೋ, ನಾನು ಅಳೆಯಲಾರದೆ ಹೋದೆ.

ಬ್ಯಾಗನ್ನು ತೊಡೆಯ ಮೇಲೆ ತೆಗೆದುಕೊಂಡೆ. ಎಂಟೂಕಾಲಿಗೆ ಬಂದರಿನ ದೀಪಸ್ತಂಭಕ್ಕೆ ಹೊರಡಬೇಕೆಂದು ನನ್ನ ಪ್ರವಾಸದ ಪಟ್ಟಿಯಲ್ಲಿತ್ತು. ಒಂಬತ್ತಾದರೂ ನಾನು ಏಳಲಿಲ್ಲ. ದೋಣಿಗಳು ಜನರನ್ನು ಇಳಿಸಿದವು, ಹತ್ತಿಸಿಕೊಂಡವು. ಪಕ್ಕದಲ್ಲಿ ಯಾರೂ ಬಂದು ಕೂರಲಿಲ್ಲ.