ಥರ್ಮಾಕೋಲ್ ಸಮಾಧಿಗಳು

ಅರ್ನೆಸ್ಟೀನ್ ತಿಬೋ ಬಳಿ ಚಾಕು ಇರಲಿಲ್ಲ. ವೃದ್ಧಾಶ್ರಮದ ಎರಡನೆಯ ಮಹಡಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಅದು ಅಲ್ಲಿಯ ನಿಯಮ. ಕತ್ತರಿಸುವ ಕೆಲಸ ಬಂದರೆ ಶಿಶುವಿಹಾರದ ಮಕ್ಕಳಿಗೆ ಕೊಡುವಂಥ, ತುದಿ ದುಂಡಗಿನ ಹಸಿರು ಪ್ಲಾಸ್ಟಿಕ್ ಕತ್ತರಿ ಸಿಗುತ್ತಿತ್ತು. ಅದು ಕಾಗದವನ್ನು ಕತ್ತರಿಸುತ್ತಿರಲಿಲ್ಲ, ಜಗಿಯುತ್ತಿತ್ತು. ಅಮೆರಿಕದ ವರ್ಮಾಂಟಿನ ಗ್ರಾನೈಟ್ ಶೆಡ್ಡಿನಲ್ಲಿ ನಲವತ್ತೊಂದು ವರ್ಷ ಸಮಾಧಿಕಲ್ಲುಗಳಿಗೆ ಚಾಕುವಿನಿಂದ ಅಕ್ಷರದ ಅಚ್ಚು ಕೊಯ್ದವಳು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅದನ್ನು ಹಿಡಿದು ಕೂತಿದ್ದಳು.

ಪ್ರತಿ ಬುಧವಾರ ಕರಕುಶಲ ತರಗತಿ. ನಡೆಸುವವಳು ಬ್ರ್ಯಾಂಡಿ ಕೋಲ್ಬರ್ನ್, ಇಪ್ಪತ್ತಾರರ ಹುಡುಗಿ. ಅಕ್ಟೋಬರ್ ಬಂತೆಂದರೆ, ಭೂತಪ್ರೇತಗಳ ಹಬ್ಬ ಹ್ಯಾಲೋವೀನಿಗೆಂದು, ತಲೆಗೆ ಬಾವಲಿಯ ರೆಕ್ಕೆಯ ಪಟ್ಟಿ ಕಟ್ಟಿಕೊಂಡು, ಊರಿನ ಅತಿ ಅಗ್ಗದ ಅಂಗಡಿಯಿಂದ ನಾಲ್ಕು ಚೀಲ ಹೊತ್ತು ತರುತ್ತಿದ್ದಳು. ಕಾಗದದ ತಟ್ಟೆಗೆ ಕಿತ್ತಳೆ ಬಣ್ಣ ಬಳಿದರೆ ಕುಂಬಳಕಾಯಿ. ಹಾಲಿನ ಕ್ಯಾನಿಗೆ ಕಣ್ಣು ಬರೆದರೆ ತಲೆಬುರುಡೆ. ಹತ್ತಿ ಎಳೆದರೆ ಜೇಡರಬಲೆ. ಅವಳ ಲೋಕದಲ್ಲಿ ಕಸದ ಬುಟ್ಟಿಗೆ ಹೋಗಬೇಕಾದದ್ದೆಲ್ಲ ಒಂದು ಕಣ್ಣು ಅಂಟಿಸಿದರೆ ಹಬ್ಬವಾಗುತ್ತಿತ್ತು.

"ಮಿಸೆಸ್ ತಿಬೋ, ಎಷ್ಟು ಮುದ್ದಾಗಿದೆ ನಿಮ್ಮ ಬಾವಲಿ! ಕಣ್ಣು ಅಂಟಿಸೋಣ್ವಾ ಬಂಗಾರಿ?"

"ಇದು ಕಕ್ಕಸಿನ ಕಾಗದದ ಕೊಳವೆ ಕಣಮ್ಮ. ಕಣ್ಣು ಅಂಟಿಸಿದ್ರೆ ಕಣ್ಣಿರೋ ಕೊಳವೆ ಆಗುತ್ತೆ, ಅಷ್ಟೇ."

ಪಕ್ಕದಲ್ಲಿದ್ದ ಹಾರ್ಲನ್ ವೆಸ್ಕಾಟ್ ಮೂಗಿನಲ್ಲೇ ನಕ್ಕ. ಎಂಬತ್ತೆಂಟು ವಯಸ್ಸಿನ ಅವನು ಬದುಕಿಡೀ ಹಸುಗಳ ಹಾಲು ಕರೆದವನು. ಅವನ ಕುಂಬಳಕಾಯಿ ಪೂರಾ ನೀಲಿಯಾಗಿತ್ತು.

"ಇದ್ಯಾಕೆ ನೀಲಿ, ಹಾರ್ಲನ್?" ಬ್ರ್ಯಾಂಡಿ ಕೇಳಿದಳು.

"ಸತ್ತೋಗಿದೆ," ಎಂದ ಹಾರ್ಲನ್.

ಆ ವಾರ ಬ್ರ್ಯಾಂಡಿಯ ದೊಡ್ಡ ಯೋಜನೆ ಸಮಾಧಿಕಲ್ಲು. ಶನಿವಾರ ಮನೆಯವರು ಬರುವ ದಿನ. ಮೊಮ್ಮಕ್ಕಳು ವೇಷ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಮಿಠಾಯಿ ಕೇಳುತ್ತ ಬರುತ್ತಾರೆ. ಅವರು ಒಳಬರುವ ದಾರಿಯ ಹುಲ್ಲಿನ ಮೇಲೆ ಥರ್ಮಾಕೋಲಿನ ಸಮಾಧಿಗಳನ್ನು ನೆಡಬೇಕು, ಮೇಲೆ 'ಮೂಳೆರಾಯ', 'ಕೊಳೆತಮ್ಮ' ಎಂದೆಲ್ಲ ತಮಾಷೆಯ ಹೆಸರು ಬರೆಯಬೇಕು. ಆ ಊರಿನಲ್ಲಿ ಎಲ್ಲರೂ ಮನೆ ಮುಂದೆ ಹಾಗೆ ಮಾಡುತ್ತಾರೆ. ಮುದುಕರೇ ತುಂಬಿರುವ ಮನೆಯ ಮುಂದೆ ಸಮಾಧಿ ನೆಡುವುದು ಹೇಗೆ ಕಂಡೀತು ಎಂಬ ಯೋಚನೆ ಬ್ರ್ಯಾಂಡಿಗೆ ಬರಲಿಲ್ಲ. ಬಾವಲಿ ಪಟ್ಟಿಯ ಕೆಳಗೆ ಯೋಚನೆಗೆ ಜಾಗ ಕಡಿಮೆ.

ಬಣ್ಣದ ಸ್ಪ್ರೇ ಡಬ್ಬಿ ಹಿಡಿದು ಅವಳು ಹಲಗೆಗಳೊಂದಿಗೆ ಹೊರಗೆ ಹೋದಳು. ಹತ್ತು ನಿಮಿಷಕ್ಕೆ ಅಳುಮುಖ ಮಾಡಿಕೊಂಡು ಬಂದಳು. ಕೈಯಲ್ಲಿದ್ದ ಕಲ್ಲು ಇಲಿ ತಿಂದ ಚೀಸಿನಂತೆ ತೂತುತೂತಾಗಿತ್ತು.

"ಕರಗೋಯ್ತು! ಎಲ್ಲಾ ಕರಗೋಯ್ತು!"

"ಸ್ಪ್ರೇ ಹೊಡೆದ್ರೆ ಥರ್ಮಾಕೋಲ್ ಕರಗದೆ ಇನ್ನೇನಾಗುತ್ತೆ?" ಎಂದಳು ಅರ್ನೆಸ್ಟೀನ್. "ಮೊದಲು ಅಂಟು ಬಳಿ, ಒಣಗಿಸು. ಆಮೇಲೆ ನೀರು ಬಣ್ಣ ಹಚ್ಚು. ನಿಂಗೆ ಇದನ್ನ ಕಲಿಸೋ ಕಾಲೇಜೂ ಇದ್ಯಂತಲ್ಲ?"

ಬ್ರ್ಯಾಂಡಿಗೆ ಕೋಪ ಬರಲಿಲ್ಲ. ಅವಳಿಗೆ ಎಂದೂ ಬರುತ್ತಿರಲಿಲ್ಲ; ಅರ್ನೆಸ್ಟೀನಳಿಗೆ ಅದೇ ದೊಡ್ಡ ಅವಮಾನ. "ಹಾಗಾದ್ರೆ ನೀವೇ ಮಾಡ್ಬಿಡಿ ಚಿನ್ನ! ನಾಳೆ ನಾಡಿದ್ದು ನಂಗೆ ರಜೆ, ನಮ್ಮಕ್ಕನ ಮದುವೆ. ಹೊಸ ಹಲಗೆ ತರಿಸಿಕೊಡ್ತೀನಿ. ನಿಮಗಿಷ್ಟ ಬಂದ ಹೆಸರು ಬರೀರಿ."

ಅರ್ನೆಸ್ಟೀನ್ ಒಪ್ಪಿದಳು. ಒಪ್ಪಲು ಅವಳಿಗೆ ತನ್ನದೇ ಕಾರಣವಿತ್ತು. ಸೆಪ್ಟೆಂಬರಿನಲ್ಲಿ ಎರಡು ಸಲ ಅವಳು ನಲ್ಲಿ ತೆರೆದಿಟ್ಟು ಮಲಗಿದ್ದಳು. ನೀರು ಕೆಳಗಿನ ಊಟದ ಹಾಲಿಗೆ ಸೋರಿತ್ತು. ಅಂದಿನಿಂದ ನರ್ಸು ವಾರಕ್ಕೊಮ್ಮೆ ಬಂದು, ಸೇಬು, ಮೇಜು, ನಾಣ್ಯ ಎಂದು ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ತಿರುಗಿ ಕೇಳುತ್ತಿದ್ದಳು. ಹೋದ ಸಲ ಅರ್ನೆಸ್ಟೀನಳಿಗೆ ನಾಣ್ಯ ನೆನಪಾಗಿರಲಿಲ್ಲ. ವ್ಯವಸ್ಥಾಪಕ ಪ್ರುಯೆಟ್ ಸೋಮವಾರ ತೀರ್ಮಾನ ಹೇಳುವುದಿತ್ತು: ಅವಳು ತನ್ನ ಕೋಣೆಯಲ್ಲೇ ಇರುತ್ತಾಳೋ, ಇಲ್ಲ ಹಿಂಬದಿಯ ಕಟ್ಟಡಕ್ಕೆ ಹೋಗುತ್ತಾಳೋ. ಮರೆವಿನವರನ್ನು ಇಡುವ ಆ ಕಟ್ಟಡದ ಬಾಗಿಲಿಗೆ ಅಂಕಿ ಒತ್ತಿ ತೆರೆಯುವ ಬೀಗ. ಕಿಟಕಿ ತೆರೆದರೆ ಅಡುಗೆಮನೆಯ ಕಸದ ಡಬ್ಬಿಗಳು. ಇವಳ ಕೋಣೆಯ ಕಿಟಕಿ ದಕ್ಷಿಣಕ್ಕಿತ್ತು. ಅಲ್ಲಿಂದ ಗುಡ್ಡ ಕಾಣುತ್ತಿತ್ತು, ಹಳೆಯ ಶೆಡ್ಡಿನ ತಗಡಿನ ಮಾಡು ಕಾಣುತ್ತಿತ್ತು.

ಕಲ್ಲಿನಲ್ಲಿ ಒಂದು ಇಸವಿ ತಪ್ಪಿದರೆ ಇಡೀ ಕಲ್ಲು ಹಾಳು. ನಲವತ್ತೊಂದು ವರ್ಷದಲ್ಲಿ ಅವಳು ಒಂದನ್ನೂ ಹಾಳು ಮಾಡಿರಲಿಲ್ಲ. ನಾಣ್ಯವಂತೆ ನಾಣ್ಯ. ನೆನಪು ಅಂದರೆ ಏನೆಂದು ಅವರಿಗೆ ತೋರಿಸಬೇಕಿತ್ತು.

ಗುರುವಾರ, ಶುಕ್ರವಾರ ಎರಡು ದಿನ ಅವಳು ಕಿಟಕಿಯ ಬಳಿ ಕೂತು ದುಡಿದಳು. ಅಂಟು ಬಳಿದು ಒಣಗಿಸಿದಳು. ಬಿಳಿ ಕಪ್ಪು ಬೆರೆಸಿ ಸ್ಪಂಜಿನಿಂದ ಒತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚುಕ್ಕೆ ಹಾರಿಸಿದಳು. ಗ್ರಾನೈಟ್ ಎಂದು ಕಲ್ಲುಕುಟಿಗನೂ ಒಂದು ಕ್ಷಣ ಮೋಸ ಹೋಗಬೇಕು, ಹಾಗೆ. ಚಾಕು ಇಲ್ಲದ್ದಕ್ಕೆ ಶಾಯಿ ಮುಗಿದ ಬಾಲ್‌ಪೆನ್ನನ್ನು ಒತ್ತಿ ಅಕ್ಷರ ಕೊರೆದಳು. ಅಕ್ಷರದ ನಡುವೆ ಎಲ್ಲಿ ಗಾಳಿ ಬಿಡಬೇಕು, ಎಲ್ಲಿ ಹತ್ತಿರ ಕೂರಿಸಬೇಕು ಎನ್ನುವುದನ್ನು ಕೈ ಮರೆತಿರಲಿಲ್ಲ.

ಹೆಸರುಗಳಿಗೆ ಅವಳು ಹುಡುಕಾಡಲಿಲ್ಲ. ಎರಡನೆಯ ಮಹಡಿಯಲ್ಲಿ ಹದಿನಾಲ್ಕು ಜನ. ವರ್ಷಕ್ಕೆ ಹದಿನಾಲ್ಕು ಸಲ ಎಲ್ಲರ ತಲೆಗೂ ಕಾಗದದ ಟೊಪ್ಪಿ ಸಿಕ್ಕಿಸಿ, ಸಪ್ಪೆ ಕೇಕು ಕೊಟ್ಟು, ಹುಟ್ಟುಹಬ್ಬದ ಹಾಡು ಹಾಡಿಸುತ್ತಿದ್ದರು. ಅವಳು ಎಲ್ಲರ ಪೂರ್ತಿ ಹೆಸರನ್ನೂ ಹುಟ್ಟಿದ ಇಸವಿಯನ್ನೂ ಯಾರನ್ನೂ ಕೇಳದೆ ಬರೆದಳು. ತನ್ನದನ್ನೂ ಬರೆದಳು. ಇಸವಿಯ ಮುಂದೆ ಒಂದು ಗೆರೆ, ಗೆರೆಯ ಮುಂದೆ ಖಾಲಿ. ಅವಳ ಕಸುಬಿನಲ್ಲಿ ಇದು ದಿನನಿತ್ಯದ ಕೆಲಸ. ಗಂಡ ಸತ್ತರೆ ಹೆಂಡತಿ ಅದೇ ಕಲ್ಲಿನಲ್ಲಿ ತನ್ನ ಹೆಸರನ್ನೂ ಕೊರೆಸಿ, ಕೊನೆಯ ಇಸವಿಗೆ ಜಾಗ ಬಿಡಿಸಿ, ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ. ಗುಡ್ಡದ ಮೇಲಿನ ಸ್ಮಶಾನದಲ್ಲಿ ಅರ್ನೆಸ್ಟೀನಳ ಕಲ್ಲೂ ಹಾಗೇ ಇತ್ತು, ಅವಳೇ ಕೊಯ್ದ ಅಚ್ಚು. ಅದರಲ್ಲಿ ಹೆದರುವಂಥದ್ದು ಏನಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ತೋಟದ ಕೆಲಸದವನು ಹದಿನಾಲ್ಕನ್ನೂ ಹುಲ್ಲಿನಲ್ಲಿ ಸಾಲಾಗಿ ನೆಟ್ಟ. ನೆಡು ಎಂದಿದ್ದರು, ಓದು ಎಂದಿರಲಿಲ್ಲ.

ಎರಡು ಗಂಟೆಗೆ ಕಾರುಗಳು ಬಂದವು. ಹಾರ್ಲನ್ನನ ಮಗಳು ಡೋರೀನ್ ವರ್ಷಕ್ಕೆ ಎರಡು ಸಲ ಬರುವವಳು, ಹ್ಯಾಲೋವೀನಿಗೊಮ್ಮೆ, ಕ್ರಿಸ್‌ಮಸ್ಸಿಗೊಮ್ಮೆ. ಎರಡು ಸಲವೂ ಫೋಟೋಕ್ಕೆ. ಅವಳ ಮೊಮ್ಮಗಳು ಅಸ್ಥಿಪಂಜರದ ವೇಷದಲ್ಲಿ ಮುಂದೆ ಓಡಿ ಮೂರನೆಯ ಕಲ್ಲಿನೆದುರು ನಿಂತಳು.

"ಅಜ್ಜೀ, ಇಲ್ಲಿ ಮುತ್ತಜ್ಜನ ಹೆಸರಿದೆ. ಮುತ್ತಜ್ಜ ಸತ್ತೋದ್ರಾ?"

ಡೋರೀನ್ ಕಿರುಚಿದ್ದು ಎರಡನೆಯ ಮಹಡಿಗೂ ಕೇಳಿತು. ಹಿಂದೆ ಬಂದವರು ತಂತಮ್ಮ ಅಪ್ಪ ಅಮ್ಮಂದಿರನ್ನು ಹುಡುಕಿಕೊಂಡು, ಸಿಕ್ಕಮೇಲೆ ತಾವೂ ಕಿರುಚಿದರು. ಹಲವರಿಗೆ ಅಪ್ಪ ಹುಟ್ಟಿದ ಇಸವಿ ಗೊತ್ತಾದದ್ದು ಅಂದೇ ಇರಬೇಕು.

"ಯಾರು ಮಾಡಿದ್ದು ಇದು? ಯಾವ ವಿಕೃತರು ಮಾಡಿದ್ದು?"

"ನಾನು," ಎಂದಳು ಅರ್ನೆಸ್ಟೀನ್, ಕೋಲೂರಿಕೊಂಡು ಬಂದು. "ಕೂಗಾಡ್ಬೇಡಮ್ಮ. ಕೊನೇ ಇಸವಿಗೆ ಜಾಗ ಬಿಟ್ಟಿದ್ದೀನಿ, ನೋಡು. ಸರಿಯಾಗಿ ನಾಲ್ಕು ಅಂಕಿಗೆ."

ಹಾರ್ಲನ್ ವಾಕರ್ ತಳ್ಳಿಕೊಂಡು ಬಂದು ತನ್ನ ಕಲ್ಲನ್ನು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ ಕಣೆ, ಅರ್ನೆಸ್ಟೀನ್. ಪಕ್ಕದಲ್ಲಿ ನನ್ನ ಹೆಂಡ್ತಿ ಐಡಾ ಹೆಸರೂ ಹಿಡಿಸುತ್ತಲ್ವಾ?"

"ಹಿಡಿಸುತ್ತೆ. ಅದಕ್ಕೇ ಎಡಕ್ಕೆ ಸರಿಸಿದ್ದು."

"ಅಪ್ಪಾ, ನೀವು ಸುಮ್ನಿರಿ!" ಎಂದು ಡೋರೀನ್ ಕಲ್ಲನ್ನು ಕಿತ್ತು ಮೊಣಕಾಲಿಗೆ ಹೊಡೆದಳು. ಥರ್ಮಾಕೋಲ್ ತಾನೆ, ಸಲೀಸಾಗಿ ಮುರಿಯಿತು. ಮದುವೆ ಮುಗಿಸಿ ಆಗಷ್ಟೇ ಬಂದಿದ್ದ ಬ್ರ್ಯಾಂಡಿ, ಉಳಿದವನ್ನು ಕಿತ್ತು ಕಸದ ದೊಡ್ಡ ಪೆಟ್ಟಿಗೆಗೆ ತುಂಬುತ್ತ, "ನಂಗೇನೂ ಗೊತ್ತಿಲ್ಲ, ನಂಗೆ ರಜೆ ಇತ್ತು," ಎಂದು ಕಂಡವರಿಗೆಲ್ಲ ಹೇಳಿದಳು.

ಸಂಜೆ ನಾಲ್ಕಕ್ಕೆ ಪ್ರುಯೆಟ್ ಅರ್ನೆಸ್ಟೀನಳನ್ನು ಕರೆಸಿದ. ರಕ್ತ ಕುಡಿಯುವ ಪ್ರೇತದ ವೇಷ ಅವನದು: ಕಪ್ಪು ನಿಲುವಂಗಿ, ಬಾಯಿಯ ಅಂಚಿನಿಂದ ಗಲ್ಲದವರೆಗೆ ಕೆಂಪು ಬಣ್ಣ. ಆ ಬಾಯಲ್ಲೇ ಅವನು ಅವಳ ಬುದ್ಧಿ ನೆಟ್ಟಗಿದೆಯೇ ಎಂದು ವಿಚಾರಿಸಿದ.

"ನೋಡಿದವರಿಗೆ ಏನನ್ನಿಸಬಹುದು ಅಂತ ನಿಮಗೆ ಹೊಳೀಲೇ ಇಲ್ವಾ, ಮಿಸೆಸ್ ತಿಬೋ?"

"ಹೊಳೀತು. ಅಕ್ಷರ ಚೆನ್ನಾಗಿದೆ ಅನ್ನಿಸಬಹುದು ಅಂತ."

"ಇದು ತಮಾಷೆ ವಿಷಯ ಅಲ್ಲ."

"ತಮಾಷೆ ಬೇಕು ಅಂದಿದ್ದು ನಿಮ್ಮ ಹುಡುಗಿ. ನಾನು ಕೆಲಸ ಮಾಡ್ದೆ. ನಿಮ್ಮ ಹತ್ರ ಎಲ್ಲರ ಕಡತ ಇದೆಯಲ್ಲ, ಒಂದು ಇಸವಿ ತಪ್ಪಿದ್ರೆ ತೋರಿಸಿ."

"ನೋಡ್ದೆ. ಒಂದೂ ತಪ್ಪಿಲ್ಲ."

"ಮತ್ತೆ?"

ಪ್ರುಯೆಟ್ ಕಡತ ಮುಚ್ಚಿದ. "ತಪ್ಪಿದ್ದಿದ್ರೆ ಮರೆವು, ಪಾಪ, ವಯಸ್ಸು ಅನ್ನಬಹುದಿತ್ತು. ಎಲ್ಲಾ ಸರಿಯಾಗಿ ನೆನಪಿಟ್ಟುಕೊಂಡು ಹೀಗೆ ಮಾಡಿದೀರಲ್ಲ, ಅದನ್ನ ನಾನು ಮನೆಯವರಿಗೆ ಏನಂತ ಹೇಳ್ಲಿ? ಡಾಕ್ಟರು ಇದಕ್ಕೆ ವಿವೇಚನೆ ಹೋಗಿದೆ ಅಂತ ಬರೀತಾರೆ."

"ಬರೀಲಿ. ಕಾಗುಣಿತ ನೋಡ್ಕೊಂಡು ಬರೀಲಿ."

ಸೋಮವಾರ ಬೆಳಿಗ್ಗೆ ಅವಳ ಪೆಟ್ಟಿಗೆಯನ್ನು ಹಿಂಬದಿಯ ಕಟ್ಟಡಕ್ಕೆ ಸಾಗಿಸಿದರು. ನರ್ಸು ಬಾಗಿಲಿನ ಅಂಕಿಗಳನ್ನು ಒತ್ತುವಾಗ ಅರ್ನೆಸ್ಟೀನ್ ನೋಡದಿರಲೆಂದು ಮೈ ಅಡ್ಡ ಹಿಡಿದಳು. ಅದೇ ದಿನ ಹುಲ್ಲಿನ ಮೇಲೆ ನಗುವ ಪ್ಲಾಸ್ಟಿಕ್ ಕುಂಬಳಕಾಯಿಗಳು ಬಂದವು, ಮನೆಯವರಿಗೆಲ್ಲ ಕ್ಷಮಾಪಣೆಯ ಪತ್ರ ಹೋಯಿತು. ಆ ಪತ್ರದಲ್ಲಿ ಅರ್ನೆಸ್ಟೀನಳ ಹೆಸರಿನ ಕಾಗುಣಿತ ತಪ್ಪಿತ್ತು.

ಆ ವಾರ ಹೋದದ್ದು ಇಷ್ಟು: ಹದಿನಾಲ್ಕು ಕಲ್ಲು, ಎರಡು ದಿನದ ಕೆಲಸ, ದಕ್ಷಿಣದ ಒಂದು ಕಿಟಕಿ.