ಎರಡು ಬೆರಳು ಉದ್ದದ ತೋಳು

ದಾರ ಮತ್ತೆ ಪಟಕ್ಕನೆ ತುಂಡಾಯಿತು.

"ನಿಧಾನ ಕಣೇ! ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿನ್ನ?" ಎಂದಳು ಅಮ್ಮ.

ಮಗಳು ಹೊಲಿಗೆ ಯಂತ್ರದ ಹಿಡಿ ಬಿಟ್ಟು ಮೂಗು ಒರೆಸಿಕೊಂಡಳು. "ಇನ್ನೇನು ಗಾಡಿ ಬಂದ್ಬಿಡತ್ತಮ್ಮ. ಬೀರು ತುಂಬ ಅಪ್ಪನ ಶರ್ಟಿದೆ, ಯಾವುದಾದ್ರೂ ಹಾಕೋಣ."

"ಈ ಬಟ್ಟೆ ಅವರೇ ಆರಿಸಿ ತಂದಿದ್ದು. ಒಂದು ತೋಳು ಬಾಕಿ, ಅಷ್ಟೇ. ಇದರಲ್ಲೇ ಹೋಗ್ಬೇಕು ಅವರು."

ಪಕ್ಕದ ಕೋಣೆಯಲ್ಲಿ ಅಪ್ಪನ ದೇಹವಿತ್ತು, ಗಲ್ಲದವರೆಗೆ ಹೊದಿಕೆ ಎಳೆದು. ಅಮ್ಮನ ಬಲ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡ ಮೇಲೆ ಅವಳು ಎಡಗೈಯಲ್ಲಿ ಬಟ್ಟೆ ಸರಿಸುವುದು, ಅಪ್ಪ ಪಕ್ಕದಲ್ಲಿ ಕೂತು ಹಿಡಿ ತಿರುಗಿಸುವುದು. ಅವಳ ದರ್ಜಿ ಕೆಲಸ ನಡೆದದ್ದೇ ಹಾಗೆ.

* * *

ಅಪ್ಪ ಕೆಲಸಕ್ಕಿದ್ದ ಮ್ಯೂಸಿಯಂನಲ್ಲಿ ಅವರ ಪಾಲಿಗೆ ಬಂದದ್ದು ಒಂದು ಹಳೆಯ ಬಂದೂಕು. ಎರಡು ಗಾಲಿಯ ಮೇಲೆ ಕೂತ ಆರು ನಳಿಗೆಗಳ ಕಂತೆ, ಹಿಂದೊಂದು ಹಿಡಿ; ಅದನ್ನು ತಿರುಗಿಸಿದಂತೆ ನಳಿಗೆಗಳು ಒಂದಾದ ಮೇಲೊಂದು ಗುಂಡು ಹಾರಿಸುವಂಥದ್ದು. ಎಣ್ಣೆ ಬಿಡುವುದು, ಒರೆಸುವುದು, ಬಂದವರಿಗೆ ಗುಂಡಿಲ್ಲದೆ ತಿರುಗಿಸಿ ತೋರಿಸುವುದು ಅವರ ಕೆಲಸ.

"ಒಂದು ನಳಿಗೆ ಹಾರಿಸೋವಾಗ ಉಳಿದವು ಸುಧಾರಿಸ್ಕೊಳ್ತವೆ, ಕೂಡು ಕುಟುಂಬದ ಹಾಗೆ," ಎನ್ನುತ್ತಿದ್ದರು. "ಮಾಡಿದವನು ಒಳ್ಳೆಯವನೇ. ಒಂದು ಬಂದೂಕು ನೂರಾಳಿನ ಕೆಲಸ ಮಾಡಿದ್ರೆ ಸೈನ್ಯ ಚಿಕ್ಕದಾಗತ್ತೆ, ಸಾಯೋರು ಕಮ್ಮಿ ಆಗ್ತಾರೆ ಅಂದ್ಕೊಂಡ. ಎಲ್ಲಿ ಆಯ್ತು? ಆಮೇಲೆ ತಿರುಗಿಸೋದೇ ಬೇಡದ ಬಂದೂಕು ಬಂತು. ಒಂದು ಗುಂಡಿನ ಒದೆತವೇ ಮುಂದಿನ ಗುಂಡನ್ನ ತುಂಬ್ಕೊಳ್ಳತ್ತೆ, ಒತ್ತಿ ಹಿಡಿದ್ರೆ ಸಾಕು. ಇದರಲ್ಲಾದ್ರೂ ಕೈ ನೋಯ್ತಿತ್ತು. ಕೈ ನೋಯೋವಾಗ ಮನುಷ್ಯ ಸ್ವಲ್ಪ ಯೋಚನೆ ಮಾಡ್ತಾನೆ."

ಎಲ್ಲರೂ 'ಮೀಸೆ' ಎಂದೇ ಕರೆಯುವ ಅಲ್ಲಿನ ಕಾವಲುಗಾರನಿಗೆ ಅವರೇ ತಿರುಗಿಸಲು ಕಲಿಸಿದ್ದರು. "ಆತುರಪಟ್ರೆ ಕಚ್ಕೊಳ್ಳತ್ತೆ ಕಣೋ. ತೊಟ್ಟಿಲು ತೂಗೋ ಹಾಗೆ ತಿರುಗಿಸು."

ಸಂಜೆ ಮನೆಗೆ ಬಂದು ಹೆಂಡತಿಯ ಪಕ್ಕ ಕೂರುತ್ತಿದ್ದರು. "ಬೆಳಗಿಂದ ತಿರುಗಿಸಿದ್ದಕ್ಕೆ ಏನೂ ಹುಟ್ಟಲಿಲ್ಲ. ಇಲ್ಲಾದ್ರೂ ಒಂದು ದಿಂಬಿನ ಚೀಲ ಹುಟ್ಟತ್ತೆ."

* * *

ಬಾಗಿಲಲ್ಲಿ ನಿಂತಿದ್ದ ಮೀಸೆ ಗಂಟಲು ಸರಿಮಾಡಿಕೊಂಡ. "ಅಕ್ಕಾ, ನಾನು ತಿರುಗಿಸ್ಲಾ?"

"ಇದು ಬಂದೂಕಲ್ಲ ಕಣಯ್ಯಾ," ಎಂದಳು ಅಮ್ಮ.

"ಗೊತ್ತು. ಆದ್ರೆ ನನ್ನ ಕೈಗೆ ತಿರುಗಿಸೋದು ಕಲಿಸಿದ್ದು ಅಣ್ಣಾನೇ ಅಲ್ವಾ?"

ಅಮ್ಮ ಸೂಜಿಗೆ ದಾರ ಪೋಣಿಸಿದಳು. ಮೀಸೆ ಅಪ್ಪ ಕೂರುತ್ತಿದ್ದ ಸ್ಟೂಲಿನ ಅಂಚಿನಲ್ಲಿ ಕೂತು ಹಿಡಿ ಹಿಡಿದ. ಟಕ್... ಟಕ್... ಟಕ್... ಅಮ್ಮನ ಎಡಗೈ ಬಟ್ಟೆಯ ಮೇಲೆ ಗಕ್ಕನೆ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಸರಿಯತೊಡಗಿತು. ದಾರ ತುಂಡಾಗಲಿಲ್ಲ.

ಹೊರಗೆ ಗಾಡಿ ಬಂದು ನಿಂತಾಗ ಮಗಳು ಶರ್ಟು ಎತ್ತಿ ಹಿಡಿದಿದ್ದಳು. "ಅಮ್ಮಾ, ಬಲತೋಳು ಎರಡು ಬೆರಳು ಉದ್ದ ಇದ್ಯಲ್ಲ! ಅಳತೆ ತಪ್ಪಿತಾ?"

"ತಪ್ಪಿಲ್ಲ. ಕೈ ಚಾಚಿ ತಿರುಗಿಸ್ತಾರಲ್ಲ, ತೋಳು ಮೇಲೆ ಹೋಗ್ಬಿಡತ್ತೆ. ಅದಕ್ಕೆ ಯಾವಾಗ್ಲೂ ಹಾಗೇ ಕತ್ತರಿಸೋದು."

ಶರ್ಟು ತೊಡಿಸಿ ಎರಡೂ ಕೈಗಳನ್ನು ಎದೆಯ ಮೇಲಿಟ್ಟರು. ಎಡತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಬಲತೋಳು ಕೆಳಗಿಳಿದು ಬೆರಳ ಗೆಣ್ಣುಗಳನ್ನು ಮುಚ್ಚಿತು. ಮಡಚಲೆಂದು ಮಗಳು ಬಾಗಿದಳು. ಅಮ್ಮ ಮೆಲ್ಲಗೆ ಅವಳ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು.