ಬಾವಿಗೆ ಇಳಿದ ಒಂಬತ್ತು ಲೈಟು

ರೇಣುಕಾಳ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಕಾರಣ ಜಾತಕವೂ ಅಲ್ಲ, ಗಂಡಿನ ಕಡೆಯವರ ತಕರಾರೂ ಅಲ್ಲ, ಒಂದು ಆಮೆ. ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಊರವರ ಅರ್ಜಿಗಳಿಗೆಲ್ಲ ಮುದ್ರೆ ಒತ್ತುವ ಹೆಣ್ಣು, ತನ್ನ ಅರ್ಜಿ ಮಾತ್ರ ಆಮೆಯ ಮುಂದೆ ಬಾಕಿ ಬಿದ್ದಿದೆ ಎಂದು ಯಾರಿಗೆ ಹೇಳಬೇಕು? ಕಚೇರಿಯಲ್ಲಿ ಮೊದಲ ಸಲ ಆಷಾಢ ಎಂದಳು, ಎರಡನೇ ಸಲ ಸೂತಕ ಎಂದಳು. ಮೂರನೇ ಸಲಕ್ಕೆ ಅವಳ ಹತ್ತಿರ ಸುಳ್ಳು ಉಳಿದಿರಲಿಲ್ಲ.

ಅವರ ಮನೆತನದಲ್ಲಿ ಮದುವೆಯ ಮೊದಲ ಕರೆ ಹೊಲದ ಬಾವಿಯಲ್ಲಿರುವ ಆಮೆಗೆ. ಅದನ್ನು ಎಲ್ಲರೂ ಬಾವ್ಯಮ್ಮ ಎನ್ನುತ್ತಾರೆ. ಮನೆಯ ಹಿರಿಯ ಕಟ್ಟೆಯ ಮೇಲೆ ನಿಂತು ಅರಿಶಿನ ಹಚ್ಚಿದ ಮಂಡಕ್ಕಿ ಚೆಲ್ಲಬೇಕು, ಬಾವ್ಯಮ್ಮ ಬಂದು ಬಾಯಿ ಹಾಕಬೇಕು, ಹಿರಿಯ ಅದನ್ನು ಕಣ್ಣಾರೆ ಕಂಡು ‘ಬಂದಾಳ’ ಅನ್ನಬೇಕು. ಆಮೇಲೆಯೇ ಲಗ್ನಪತ್ರಿಕೆ ಅಚ್ಚಿಗೆ ಹೋಗುವುದು. ಉಳಿದವರೆಲ್ಲ ಬಾವಿಗೆ ಬೆನ್ನು ಮಾಡಿ ನಿಲ್ಲಬೇಕು. ಉಣ್ಣುವ ಹೆಂಗಸನ್ನು ಹತ್ತು ಮಂದಿ ದಿಟ್ಟಿಸಿ ನೋಡುವುದು ಯಾವ ಮರ್ಯಾದೆ?

ಮನೆಯ ಹಿರಿಯ ಎಂದರೆ ರೇಣುಕಾಳ ಅಜ್ಜ ದೊಡ್ಡಬೀರಪ್ಪ. ಎಂಬತ್ತನಾಲ್ಕು ವರ್ಷ. ಈಗಲೂ ಸಂಜೆ ಕುರಿ ಹಟ್ಟಿಗೆ ಬಂದಾಗ ಬಾಗಿಲಲ್ಲಿ ಕೂತು, ಒಂದೊಂದರ ಬೆನ್ನನ್ನೂ ಸವರಿ ಎಣಿಸಿಕೊಳ್ಳುತ್ತಿದ್ದ. ಎಷ್ಟು ಪ್ರೀತಿ ನೋಡಿ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅಂಥ ಅಜ್ಜ ಎರಡು ಸಲವೂ ಹೊತ್ತು ನೆತ್ತಿಗೇರುವ ತನಕ ಕಟ್ಟೆಯ ಮೇಲೆ ನಿಂತು, ಎರಡು ಸಲವೂ “ಬಂದಿಲ್ಲ” ಎಂದು ಇಳಿದುಬಂದಿದ್ದ. ಬಂದಳು ಎಂದುಬಿಟ್ಟಿದ್ದರೆ ಕೇಳುವವರು ಯಾರಿದ್ದರು? ರೇಣುಕಾಳಿಗೆ ಅದೇ ಹೊಟ್ಟೆಯುರಿ.

ಗಂಡು ಸಂಜೀವ ನೀಲಗುಂದದಲ್ಲಿ ಮೇಷ್ಟ್ರು. ಮೊದಲ ಸಲ ನಕ್ಕಿದ್ದ, ಎರಡನೇ ಸಲ ನಗಲಿಲ್ಲ. ಅವನ ತಾಯಿಯಂತೂ ಈ ಸಲವೂ ತಪ್ಪಿದರೆ ಬೇರೆ ಹೆಣ್ಣು ನೋಡುವುದಾಗಿ ಹೇಳಿಕಳಿಸಿದ್ದರು. ಆ ಮಾತು ಬಂದ ದಿನ ರೇಣುಕಾ ಅಜ್ಜನ ಮುಂದೆ ಕೂತಳು.

“ಅಜ್ಜ, ಅಕಿ ಮ್ಯಾಲೆ ಬರದಿದ್ರ ನಾವ ಕೆಳಗ ಹೋಗಿ ಕರಿಯಾಣು. ಕ್ಯಾಮೆರಾ ಇಳಸೋಣು.”

ಅಜ್ಜ ಎಲೆ ಅಡಿಕೆ ಜಗಿದು ಮುಗಿಸುವ ತನಕ ಯೋಚಿಸಿದ. “ಮನಿಗೇ ಹೋಗಿ ಕರದ್ರ ತಪ್ಪೇನೈತಿ. ಆದ್ರ ನೋಡಾವ ನಾ ಒಬ್ಬನ.”

ಹಾಗೆ ಆ ಭಾನುವಾರ ಬೆಳಿಗ್ಗೆ ಓಣಿಯವರೆಲ್ಲ ಹೊಲದ ಬಾವಿಯ ಹತ್ತಿರ ಸೇರಿದರು, ಪಾಲಾಕ್ಷ ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ವಿಡಿಯೊ ತೆಗೆಯುವವನು. ಮದುವೆಗೆ ಮುಂಚಿನ ಜೋಡಿಗಳನ್ನು ಹಲವಾಗಲಿನ ಹೊಳೆಯಲ್ಲಿ ಮುಳುಗಿಸಿ ತೆಗೆಯಲೆಂದು ನೀರಿಗಿಳಿಯುವ ಕ್ಯಾಮೆರಾ ಒಂದು, ಲೈಟು ಎರಡು ತಂದಿಟ್ಟುಕೊಂಡಿದ್ದ. ಕ್ಯಾಮೆರಾದಿಂದ ಉದ್ದನೆಯ ತಂತಿ ಮೇಲೆ ಬಂದು ತಟ್ಟೆಯಗಲದ ಪರದೆಗೆ ಸೇರುತ್ತಿತ್ತು. ಬಿಸಿಲಿಗೆ ಪರದೆ ಕಾಣದೆಂದು ಅದರ ಮೇಲೆ ಅಜ್ಜನ ಕರೀ ಕಂಬಳಿ ಹೊದಿಸಿದರು.

ಕರೆಗೆ ಮೊದಲು ಒಮ್ಮೆ ಇಳಿಸಿ ನೋಡುವಾಗ ಯಾರು ಬೇಕಾದರೂ ನೋಡಬಹುದಿತ್ತು. ಪಾಲಾಕ್ಷ ಎರಡೂ ಲೈಟನ್ನು ಕ್ಯಾಮೆರಾದ ಎರಡು ಕಿವಿಗೆ ಕಟ್ಟಿ ಇಳಿಸಿದ. ಪರದೆಯ ತುಂಬ ಬರೀ ಬಿಳುಪು, ಮಜ್ಜಿಗೆ ಚೆಲ್ಲಿದ ಹಾಗೆ. ಬೆಳಕು ಸಾಲದು ಎಂದ. ನೀರಿಗಿಳಿಯುವ ಬೇರೆ ಲೈಟು ಇರಲಿಲ್ಲ. ರೇಣುಕಾಳ ತಾಯಿ ತಿಪ್ಪೇರುದ್ರಮ್ಮ ಉಪ್ಪಿನಕಾಯಿಯ ಎರಡು ಗಾಜಿನ ಜಾಡಿ ಖಾಲಿ ಮಾಡಿಕೊಟ್ಟರು. ಜಾಡಿಯೊಳಗೆ ಟಾರ್ಚ್ ಇಟ್ಟು, ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದು ಬಾವಿಗೆ ಬಿಟ್ಟರೆ, ಎರಡೂ ಮುಳುಗದೆ ತೇಲಿಕೊಂಡು ಆಕಾಶಕ್ಕೆ ಬೆಳಕು ಬಿಡತೊಡಗಿದವು. ಕಲ್ಲು ಕಟ್ಟಿದ ಮೇಲೆ ಮುಳುಗಿದವು. ಮಜ್ಜಿಗೆ ಹೋಗಿ ಗಟ್ಟಿ ಮೊಸರಾಯಿತು.

ರೇಣುಕಾಳಿಗೆ ಕೊಟ್ಟೂರು ರಸ್ತೆ ನೆನಪಾಯಿತು. ಬಸ್ಸಿನ ಹಿಂದೆ ಧೂಳಿನಲ್ಲಿ ಸ್ಕೂಟಿ ಓಡಿಸುವಾಗ ಲೈಟು ಜೋರು ಮಾಡಿದಷ್ಟೂ ಧೂಳೇ ಹೊಳೆಯುತ್ತದೆ, ರಸ್ತೆ ಕಾಣುವುದಿಲ್ಲ.

“ಪಾಲಾಕ್ಷಣ್ಣ, ಬಾವ್ಯಾಗ ರಾಡಿ ಐತಿ. ಲೈಟು ಕ್ಯಾಮೆರಾದ ಮಗ್ಗಲದಾಗ ಇದ್ರ ರಾಡಿನ ಹೊಳಿತೈತಿ. ದೂರ ಸರಸ್ರಿ, ಆಕಡಿ ಗ್ವಾಡಿಗೊಂದು ಈಕಡಿ ಗ್ವಾಡಿಗೊಂದು. ಮಗ್ಗಲಿಂದ ಬೀಳಲಿ.”

ಪಾಲಾಕ್ಷನ ಮುಖ ಕೆಟ್ಟಿತು. “ಆಗಂಗಿಲ್ರಿ ಮೇಡಂ. ಮಗ್ಗಲಿಂದ ಲೈಟು ಹೊಡದ್ರ ಅರ್ಧ ಮುಖ ಕಪ್ಪು ಬರ್ತೈತಿ. ಇಪ್ಪತ್ತೆರಡು ವರ್ಷದಾಗ ಒಬ್ಬ ಬೀಗತಿ ಮುಖಾನೂ ಅರ್ಧ ಕಪ್ಪು ಮಾಡಿಲ್ಲ ನಾನು. ನಾಳೆ ಮಾತು ಬರ್ತೈತ್ರಿ.”

“ಆಮಿ ಮಾತಾಡಂಗಿಲ್ರಿ.”

“ಮಂದಿ ಮಾತಾಡ್ತಾರ್ರಿ.”

ಅರ್ಧ ಗಂಟೆ ವಾದ ನಡೆದು, ಆಮೆಯ ಮುಖ ಹೇಗೆ ಬಂದರೂ ಮನೆಯವರ ತಕರಾರಿಲ್ಲ ಎಂದು ತಿಪ್ಪೇರುದ್ರಮ್ಮ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಪಾಲಾಕ್ಷ ಬಗ್ಗಿದ. ಕುರಿಗೆ ಸೊಪ್ಪು ಕೊಯ್ಯುವ ಎರಡು ಉದ್ದನೆಯ ದೋಟಿ ತಂದು, ಅವುಗಳ ತುದಿಗೆ ಲೈಟು ಕಟ್ಟಿ, ಎದುರು ಬದಿರು ಗೋಡೆಗುಂಟ ಇಳಿಸಿದರು. ಜಾಡಿಗಳನ್ನು ಹಿಂದಿನ ಗೋಡೆಗೆ ಬಿಟ್ಟರು. ಮೊಸರು ಕರಗಿತು. ಬಾವಿಯ ಮೆಟ್ಟಿಲು, ಪಾಚಿ, ಎಂದೋ ಬಿದ್ದ ಹಿತ್ತಾಳೆ ಕೊಡ, ಎಲ್ಲ ಕಂಡವು. ಕೊಡದ ಮೇಲಿದ್ದ ಹೆಸರನ್ನು ಕೂಡ ಓದಬಹುದಿತ್ತು. ಇನ್ನು ಕರೆ ಶುರು ಮಾಡಬಹುದೆಂದು ಮಂಡಕ್ಕಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಕ್ಯಾಮೆರಾದ ಮುಂದೆ ಇಳಿಬಿಟ್ಟರು. ಎಲ್ಲರೂ ಬೆನ್ನು ತಿರುಗಿಸಿದರು. ಹಗ್ಗ ಹಿಡಿದಿದ್ದ ಪಾಲಾಕ್ಷನಿಗೂ ಆಕಾಶ ನೋಡಲು ಹೇಳಿದರು.

ಅಜ್ಜ ಕಂಬಳಿಯೊಳಗೆ ಹೋಗಿ ಪರದೆಯ ಬೆನ್ನಿನ ಕಡೆಯನ್ನು ಮುಖಕ್ಕೆ ಹಿಡಿದು ಕೂತ. ಕಂಬಳಿ ಹೊದಿಸುತ್ತಿದ್ದ ರೇಣುಕಾ ಅದನ್ನು ಹೇಳಿದಾಗ, ಮುದುಕರಿಗೆ ಯಂತ್ರ ಏನು ತಿಳಿದೀತು ಎಂದು ಬೆನ್ನು ಮಾಡಿದವರೆಲ್ಲ ನಕ್ಕರು. ರೇಣುಕಾ ತಾನೂ ಒಳಗೆ ಹೋಗಿ, ಅಜ್ಜನಿಗೆ ಬೆನ್ನು ಮಾಡಿ, ಪರದೆಯನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿದು ಕೂರಬೇಕಾಯಿತು. ಮದುವಣಗಿತ್ತಿ ತನ್ನ ಹಣೆಬರಹವನ್ನು ಹೆಗಲ ಮೇಲೆ ಹೊತ್ತಿದ್ದಳು, ನೋಡುವ ಹಾಗಿರಲಿಲ್ಲ.

“ಕಾಣಂಗಿಲ್ಲವ್ವ,” ಎಂದ ಅಜ್ಜ. “ಇನ್ನೊಂದು ಲೈಟು ಬಿಡ್ರಿ.”

ಐದನೆಯದು ಇಳಿಯಿತು. “ಇನ್ನೊಂದು ಬಿಡ್ರಿ.” ಆರನೆಯದಕ್ಕೆ ಪಕ್ಕದ ಹೊಲದವರ ಮಾವಿನಕಾಯಿ ಉಪ್ಪಿನಕಾಯಿ ಬೋಗುಣಿಗೆ ಬಿತ್ತು. ಏಳು, ಎಂಟು. ಓಣಿಯಲ್ಲಿ ಖಾಲಿ ಜಾಡಿ ಉಳಿಯಲಿಲ್ಲ, ಉಪ್ಪಿನಕಾಯಿ ಇಡಲು ಪಾತ್ರೆಯೂ ಉಳಿಯಲಿಲ್ಲ. ಒಂಬತ್ತನೆಯದು ಇಳಿದಾಗ, ಮಟಮಟ ಮಧ್ಯಾಹ್ನ, ಬಾವಿಯ ನೀರು ತಳದಿಂದ ಹಸಿರಾಗಿ ಬೆಳಗುತ್ತಿತ್ತು. ಅದನ್ನು ನೋಡುವವರು ಯಾರೂ ಇರಲಿಲ್ಲ; ಇಡೀ ಓಣಿ ಬೆನ್ನು ಮಾಡಿ ನಿಂತಿತ್ತು.

ರೇಣುಕಾಳ ತೋಳು ಜೋಮು ಹಿಡಿದಿತ್ತು. ಕೈ ಬದಲಿಸಲು ತಿರುಗಿದಳು, ಕಣ್ಣು ಪರದೆಯ ಮೇಲೆ ಬಿತ್ತು.

ಬಾವ್ಯಮ್ಮ ಅಲ್ಲೇ ಇದ್ದಳು. ಪರದೆಯ ಮುಕ್ಕಾಲು ಭಾಗ ಅವಳದೇ. ಕತ್ತು ಚಾಚಿ, ಗಂಟು ಹರಿದು, ನಿಧಾನವಾಗಿ ಮಂಡಕ್ಕಿ ಮೆಲ್ಲುತ್ತಿದ್ದಳು. ಆಗಲೇ ಅರ್ಧ ತಿಂದು ಮುಗಿಸಿದ್ದಳು. ಅರ್ಧ ಮುಖ ಕಪ್ಪಾಗಿಯೇ ಬಂದಿತ್ತು.

“ಇನ್ನೊಂದು ಬಿಡ್ರಿ,” ಎಂದ ಅಜ್ಜ.

ರೇಣುಕಾ ಅಜ್ಜನ ಮುಖ ನೋಡಿದಳು. ಪರದೆಯ ಬೆಳಕು ಅವನ ಕಣ್ಣಿನ ಮೇಲೆ ಬಿದ್ದಿತ್ತು. ಎರಡೂ ಕಣ್ಣಿನ ಪಾಪೆಗಳ ಮೇಲೆ ಬೆಳ್ಳನೆಯ ಪೊರೆ. ಬೆನ್ನು ಸವರಿ ಎಣಿಸಿದ ಕುರಿಗಳು, ಹಿಂದುಮುಂದಾದ ಪರದೆ, ಎಲ್ಲ ಒಟ್ಟಿಗೆ ಅವಳಿಗೆ ಅರ್ಥವಾದವು. ಒಂದೇ ಮನೆಯಲ್ಲಿದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಎಷ್ಟು ದಿನಾತು ಅಜ್ಜ?” ಎಂದು ಪಿಸುಗುಟ್ಟಿದಳು.

ಅಜ್ಜ ಕಂಬಳಿಯ ಅಂಚನ್ನು ಬಿಗಿಯಾಗಿ ಎಳೆದುಕೊಂಡ. “ಎರಡು ವರ್ಷಾತು. ಬರೇ ಬೆಳಕು ಕಾಣ್ತೈತಿ. ಕಣ್ಣಿಲ್ಲದಾಂವ ಹಿರೇತನ ಮಾಡಂಗಿಲ್ಲ ಅಂತಾರವ್ವ. ಅದಕ್ಕ ಯಾರ ಮುಂದೂ ಹೇಳಲಿಲ್ಲ.”

“ಬಂದಾಳ ಅಂತ ಒಂದ್ ಮಾತು ಅಂದುಬಿಟ್ಟಿದ್ರ?”

“ಮಂದಿಗೆ ಸುಳ್ಳು ಹೇಳ್ತಾ ಬಂದೀನಿ, ನನಗೂ ಹೇಳಿಕೊಂಡೀನಿ. ಅಕಿ ಮುಂದ ಹೆಂಗ ಹೇಳ್ಲಿ?” ಅಜ್ಜ ತಡಕಾಡಿ ಅವಳ ಕೈ ಹಿಡಿದ. “ನಿನ್ನ ಬಾಳು ನಾನ ಹಿಡದು ನಿಲ್ಸೀನಿ, ಗೊತ್ತೈತಿ.”

ಎರಡು ಸಲದ ಹೊಟ್ಟೆಯುರಿ ಎಲ್ಲಿ ಹೋಯಿತೋ ರೇಣುಕಾಳಿಗೆ ತಿಳಿಯಲಿಲ್ಲ. ಅಜ್ಜನ ತೋರುಬೆರಳು ಹಿಡಿದು ಪರದೆಯ ಮೇಲೆ ಇಟ್ಟಳು. “ಇಲ್ಲಿ ತಲಿ ಐತಿ. ಇದು ಬೆನ್ನು. ಈಗ ಬಾಯಿ ತಗದ್ಲು. ಮಂಡಕ್ಕಿ ಮೂಗಿನ ಮ್ಯಾಲೆ ಕುಂತೈತಿ, ಅಕಿಗೆ ಗೊತ್ತಿಲ್ಲ.” ಬೆರಳು ಆಮೆಯ ಬೆನ್ನನ್ನು ಕುರಿಯ ಬೆನ್ನಿನಂತೆಯೇ ಸವರಿತು.

ಅಜ್ಜ ಕಂಬಳಿ ಸರಿಸಿ ಎದ್ದುನಿಂತ. “ಬಂದಾಳ,” ಎಂದು ಬೆನ್ನುಗಳಿಗೆಲ್ಲ ಕೇಳುವಂತೆ ಹೇಳಿದ. ಜನ ತಿರುಗುವ ಮುಂಚೆಯೇ ಮುಂದುವರಿಸಿದ: “ಕಂಡಾವ ನಾ ಅಲ್ಲ. ನನಗ ಕಣ್ಣಿಲ್ಲ. ಕಂಡಾಕಿ ರೇಣುಕಾ. ಇವತ್ತಿಂದ ಹಿರೇತನ ಅಕಿದು. ಲಗ್ನಕ್ಕ ಹೂಂ ಅನ್ನಾಕೀನೂ ಅಕಿನ.”

ಮದುಮಗಳೇ ಮನೆಯ ಹಿರಿಯಳಾದರೆ ಹೆಣ್ಣು ಕೊಡುವವರು ಯಾರು, ಕೊಡಬೇಕಾದ ಹೆಣ್ಣು ಯಾರು ಎಂದು ಓಣಿಯಲ್ಲಿ ಯಾರಿಗೂ ಬಗೆಹರಿಯಲಿಲ್ಲ. ತಿಪ್ಪೇರುದ್ರಮ್ಮನಿಗೆ ಮಾತ್ರ ಗಡಿಬಿಡಿ. “ಹೂಂ ಅನ್ನವ್ವ, ಲಗೂನ,” ಎಂದರು.

ರೇಣುಕಾ ಅಜ್ಜನ ಕಣ್ಣು ನೋಡಿದಳು, ಬಾವಿ ನೋಡಿದಳು. ಸಂಜೀವನ ತಾಯಿಯ ಮಾತು ನೆನಪಾಯಿತು.

“ಈಗ ಹೂಂ ಅನ್ನಂಗಿಲ್ಲ,” ಎಂದಳು. “ಮೊದ್ಲು ಅಜ್ಜನ ಕಣ್ಣಿನ ಆಪರೇಷನ್. ಅವನ ಕಣ್ಣಿಗೆ ನನ್ನ ಮದಿವಿ ಕಾಣೂ ಹಂಗಾದ್ರ ಲಗ್ನ.”

ಸಂಜೀವನಿಗೆ ಅಲ್ಲಿಂದಲೇ ಫೋನು ಮಾಡಿ, ಮದುವೆ ಮತ್ತೆ ಮುಂದಕ್ಕೆ ಹೋಗಿದೆ ಎಂದಳು. ಈ ಸಲ ಆಮೆ ಒಪ್ಪಿದೆ, ಒಪ್ಪದವಳು ತಾನು ಎಂದು ಎಲ್ಲ ವಿವರಿಸಿದಳು.

“ಆಸ್ಪತ್ರಿಗೆ ಯಾವತ್ತು ಹೊಂಟೀರಿ?” ಎಂದ ಸಂಜೀವ. “ನಾನೂ ರಜಾ ಹಾಕ್ತೀನಿ. ಅವ್ವಗ ನಾನ ಹೇಳ್ತೀನಿ.”

ಪಾಲಾಕ್ಷ ಲೈಟುಗಳನ್ನು ಒಂದೊಂದಾಗಿ ಮೇಲೆಳೆಯುತ್ತಿದ್ದ. ಅಜ್ಜ ಕಟ್ಟೆಯ ಮೇಲೆ ಕೂತು ಆ ಬೆಳಕುಗಳ ಕಡೆ ಮುಖ ಮಾಡಿದ್ದ.

“ಆಪರೇಷನ್ ಆದ ಮ್ಯಾಲೂ ಕಾಣದಿದ್ರ ಏನ್ ಮಾಡ್ತೀಯವ್ವ?” ಎಂದು ಕೇಳಿದ.

ರೇಣುಕಾ ಕಂಬಳಿ ಕೊಡವಿ ಅವನ ಹೆಗಲಿಗೆ ಹಾಕಿದಳು.

“ಇನ್ನೊಂದು ಲೈಟು ಬಿಡಸ್ತೀನಿ ಅಜ್ಜ,” ಎಂದಳು.